ಸ್ಕೇಲಿಗೆ ಜೀವ ತುಂಬಲು ಹೋಗಿ

ಗಿಟಾರ್ ಕಲಿಸುವವನ ಬದುಕು ಬಹಳ ನೆಮ್ಮದಿಯದು ಅಂತ ನೀವು ಅಂದುಕೊಂಡಿದ್ದರೆ ಒಂದು ಸಂಜೆ ಕಾಟ್ಟಿಕುಳಂಗೆ ಬಂದು ನನ್ನ ಕ್ಲಾಸಿನಲ್ಲಿ ಕೂತು ನೋಡಬೇಕು. ಇಲ್ಲಿ ಏನಾದರೊಂದು ಆಗದೆ ಸಂಜೆ ಮುಗಿಯುವುದೇ ಇಲ್ಲ. ಕಾಫಿ, ಮೆಣಸು ಕೊಳ್ಳುವ ಅಂಗಡಿಯೊಂದರ ಮಹಡಿ ಮೇಲೆ ನನ್ನದು ಒಂದೇ ಕೋಣೆ. ಕಲಿಯಲು ಬರುವವರು ಹೆಚ್ಚಿನಂಶ ದುಡಿಯುವ ಜನ, ವಯಸ್ಸಾದವರು. ಬಂದ ದಿನವೇ "ಮಾಷೇ, ಒಂದು ಒಳ್ಳೇ ಹಾಡು ಹೇಳಿಕೊಡಿ" ಅನ್ನುತ್ತಾರೆ. ವಯನಾಡಿನಲ್ಲಿ ಮೇಷ್ಟ್ರಿಗೆ ಮಾಷೇ ಅನ್ನುವುದು ರೂಢಿ, ಕನ್ನಡ ಮಾತಾಡುವ ನಾವೂ ಹಾಗೇ ಅನ್ನುತ್ತೇವೆ.

ನಾನು ಹಾಡು ಕೊಡುವುದಿಲ್ಲ, ಸ್ಕೇಲ್ ಕೊಡುತ್ತೇನೆ. ಸರಿಗಮಪದನಿಸ ಅಂತ ಮೆಟ್ಟಿಲು ಹತ್ತಿದ ಹಾಗೆ ಹತ್ತಬೇಕು, ಹಾಗೇ ಇಳಿಯಬೇಕು. ಅದು ಬಂದ ಮೇಲೆ ಆರ್ಪೆಜಿಯೊ. ಅಂದರೆ ನಡುನಡುವೆ ಮೆಟ್ಟಿಲು ಬಿಟ್ಟು ಸ, ಗ, ಪ, ಸ ಅಂತ ಹಾರಿ ಹತ್ತುವುದು. ಸ್ವಲ್ಪ ದಿನಕ್ಕೇ ಕಲಿಯುವವರ ಮುಖ ಬಾಡುತ್ತಿತ್ತು. ಆಮೇಲೆ ಮುಖವೇ ಕಾಣುತ್ತಿರಲಿಲ್ಲ. ಹೀಗೇ ಆದರೆ ಕೋಣೆಗೆ ಬೀಗ ಹಾಕಿ ನಾನೂ ಕೆಳಗೆ ಮೆಣಸು ಒಣಗಿಸಲು ಹೋಗಬೇಕಾಗುತ್ತದೆ ಅಂತ ಹೆದರಿ, ಒಂದು ತೀರ್ಮಾನಕ್ಕೆ ಬಂದೆ. ಇನ್ನು ಮೇಲೆ ಸ್ಕೇಲನ್ನು ಮಗ್ಗಿಯ ಥರ ಕಲಿಸುವುದಿಲ್ಲ, ಸಂಗೀತದ ಥರ ಕಲಿಸುತ್ತೇನೆ, ನಗುನಗುತ್ತಾ ಕಲಿಸುತ್ತೇನೆ.

ಆಮೇಲೆ ನಕ್ಕವರು ಊರಿನವರು.

ನಿ ಮೇಲೆ ನಿಂತದ್ದು

ನನ್ನ ಹಳೇ ಶಿಷ್ಯರಲ್ಲಿ ಒಬ್ಬರು ಜೀಪ್ ಡ್ರೈವರ್. ಅವರಿಗೆ ಬಾಡಿಗೆ ಕರೆ ಬರುವುದು ಯಾವಾಗಲೂ ಸ್ಕೇಲಿನ ತುದಿಯಲ್ಲೇ. ಸ ರಿ ಗ ಮ ಪ ದ ನಿ ಅಂತ ಚೆಂದವಾಗಿ ಹತ್ತಿ, ಇನ್ನೇನು ಮೇಲಿನ ಸ ಮುಟ್ಟಬೇಕು, ಫೋನ್ ಬಡಿದುಕೊಳ್ಳುತ್ತದೆ. ಗಿಟಾರನ್ನು ಗೋಡೆಗೆ ಒರಗಿಸಿ ಹೊರಟೇಬಿಡುತ್ತಾರೆ. ಆ ನಿ ಗಾಳಿಯಲ್ಲಿ ತೂಗಾಡುತ್ತಾ ಉಳಿಯುತ್ತದೆ.

"ನೋಡಿ, ಕೇಳಿದವರಿಗೆ ಈಗ ಸ ಬೇಕೇ ಬೇಕು ಅನ್ನಿಸುತ್ತೆ. ಸಂಗೀತದ ಮಜಾ ಇರೋದೇ ಈ ಕಾಯುವುದರಲ್ಲಿ" ಅಂತ ನಾನು ಉಳಿದವರಿಗೆ ಪಾಠ ಮಾಡುತ್ತಿದ್ದೆ. ಕೆಳಗಿನ ಅಂಗಡಿ ಯಜಮಾನರೂ ಕಾಯುತ್ತಿದ್ದರು ಅನ್ನುವುದು ನನಗೆ ಗೊತ್ತಿರಲಿಲ್ಲ. ಗುಂಡ್ಲುಪೇಟೆ ಕಡೆಯಿಂದ ಬಂದು ನೆಲೆಸಿದ ಮನೆತನ ಅವರದು. ಮೆಣಸಿನ ಚೀಲ ತೂಕಕ್ಕಿಟ್ಟು, ಆ ಸ ಬೀಳುವ ತನಕ ಕೈ ಆಡಿಸಲಾಗದೆ ಸೂರು ನೋಡುತ್ತಾ ನಿಂತುಬಿಡುತ್ತಿದ್ದರಂತೆ.

ಒಂದು ದಿನ ಅವರಿಗೆ ತಡೆಯಲು ಆಗಲಿಲ್ಲ. ಜೀಪಿನವರು ನಿ ಬಾರಿಸಿ ಎದ್ದು ಹೋದರು. ಕೆಳಗಿನಿಂದ ಯಜಮಾನರು ಸೂರಿನ ಕಡೆ ಮುಖ ಎತ್ತಿ, ಎದೆಯಲ್ಲಿದ್ದದ್ದನ್ನೆಲ್ಲ ಒಟ್ಟುಗೂಡಿಸಿ "ಸಾ...!" ಅಂತ ಕೂಗಿದರು.

ಎದುರಿಗೆ ನಿಂತಿದ್ದವನು ಬಾವಲಿ ಹೊಳೆಯಾಚೆ, ಕರ್ನಾಟಕದ ಕಡೆಯಿಂದ ಮೆಣಸು ತಂದಿದ್ದ ಸಣ್ಣ ರೈತ. ಆ ಸೀಮೆಯಲ್ಲಿ ದೊಡ್ಡ ಮನುಷ್ಯರನ್ನು ಸಾ ಅಂತಲೇ ಕರೆಯುವುದು. ಅವನು ಹಿಂದೆ ತಿರುಗಿ ನೋಡಿದ. ಯಾರೂ ಇಲ್ಲ. ಹೆಗಲ ಮೇಲಿನ ಟವೆಲ್ ಸರಿ ಮಾಡಿಕೊಂಡ. "ಎಲ್ಲಾ ಅಂಗಡೀಲೂ ನನ್ನ ಏನ್ಲಾ ಅಂತಾರೆ. ಇಷ್ಟು ಜೋರಾಗಿ ಸಾ ಅಂದೋರು ನೀವೊಬ್ರೇ" ಅಂದ. ಮುಂದಿನ ವಾರ ಅವನ ಜೊತೆ ಅವನ ಅಣ್ಣ, ಭಾವ, ಷಡ್ಡಕ ಎಲ್ಲರೂ ಚೀಲ ಹೊತ್ತು ಬಂದರು.

ಯಜಮಾನರು ಮಹಡಿ ಹತ್ತಿ ಬಂದಾಗ, ಕೋಣೆ ಖಾಲಿ ಮಾಡಿ ಅನ್ನುತ್ತಾರೇನೋ ಅಂತ ನನಗೆ ಭಯ. ಅವರು ಮೆಲ್ಲಗೆ ಹೇಳಿದರು: "ಮಾಷೇ, ಆ ಜೀಪಿನವರಿಗೆ ಸ ಮಾತ್ರ ಕಲಿಸಬೇಡಿ."

ಲಿಮಿಟೆಡ್ ಸ್ಟಾಪ್

ಇನ್ನೊಬ್ಬ ಶಿಷ್ಯ ಖಾಸಗಿ ಬಸ್ಸಿನ ಕಂಡಕ್ಟರ್. ಮಾನಂತವಾಡಿಯಿಂದ ನಮ್ಮೂರಿಗೆ ಓಡುವ ಬಸ್ಸು. ಅವನಿಗೆ ಸ್ಕೇಲ್ ಬಂತು, ಆರ್ಪೆಜಿಯೊ ಮಾತ್ರ ತಲೆಗೆ ಹತ್ತಲಿಲ್ಲ. "ಇರೋ ಸ್ವರ ಬಿಟ್ಟು ಯಾಕೆ ಹೋಗಬೇಕು ಮಾಷೇ?" ಅಂತ ವಾದ.

ಅವನ ದಾರಿಯಲ್ಲೇ ಹೋಗೋಣ ಅಂತ ಹೇಳಿದೆ: "ಸ ಅಂದರೆ ಮಾನಂತವಾಡಿ ಬಸ್ ಸ್ಟ್ಯಾಂಡ್. ರಿ ಆಯುರ್ವೇದ ಆಸ್ಪತ್ರೆ. ಗ ಪೆಟ್ರೋಲ್ ಪಂಪ್. ಹೀಗೇ ಬಂದರೆ ಮೇಲಿನ ಸ ನಮ್ಮ ಕಾಟ್ಟಿಕುಳಂ. ಎಲ್ಲಾ ಕಡೆ ನಿಲ್ಲಿಸಿಕೊಂಡು ಬರೋದು ಸ್ಕೇಲ್. ಆರ್ಪೆಜಿಯೊ ಅಂದರೆ ಲಿಮಿಟೆಡ್ ಸ್ಟಾಪ್."

ಅವನ ಕಣ್ಣು ಅರಳಿತು. ಅವತ್ತೇ ಬಾರಿಸಿದ. ಎಷ್ಟು ಖುಷಿಯಾಯಿತೆಂದರೆ, ಮರುದಿನ ಬಸ್ಸಿನಲ್ಲೂ ಬಾಯಲ್ಲಿ ಸ, ಗ, ಪ, ಸ ಅಂತ ಗುನುಗುತ್ತಾ, ಗುನುಗಿದ ಕಡೆ ಮಾತ್ರ ಬೆಲ್ ಹೊಡೆದ. ಅದು ಎಲ್ಲಾ ಕಡೆ ನಿಲ್ಲಬೇಕಾದ ಬಸ್ಸು. ಮಂಡಿ ನೋವಿಗೆ ಎಣ್ಣೆ ತರಲು ಆಸ್ಪತ್ರೆಗೆ ಹೊರಟಿದ್ದ ಅಜ್ಜಿಯೊಬ್ಬರು ಪೆಟ್ರೋಲ್ ಪಂಪಿನಲ್ಲಿ ಎಚ್ಚೆತ್ತು ಗಲಾಟೆ ಎಬ್ಬಿಸಿದರು.

"ತಪ್ಪಾಯ್ತು ಅಜ್ಜಿ. ನಮ್ಮ ಮಾಷ್ ರಿ ಬಿಟ್ಟು ಹೋಗು ಅಂತ ಹೇಳಿಕೊಟ್ಟಿದ್ರು" ಅಂದನಂತೆ ಈ ಪುಣ್ಯಾತ್ಮ.

"ನಿನ್ನ ಮಾಷ್ ಇರೋದೆಲ್ಲಿ? ಅಲ್ಲಿಗೇ ಟಿಕೆಟ್ ಕೊಡು" ಅಂದರು ಅಜ್ಜಿ.

ನೋಯುವ ಮಂಡಿಯಲ್ಲೇ ನನ್ನ ಮೆಟ್ಟಿಲು ಹತ್ತಿ ಬಂದರು. "ಆಸ್ಪತ್ರೆ ಸ್ಟಾಪು ತೆಗೆದು ಹಾಕಿದೋನು ನೀನೇನಾ?" ನಾನು ಕುರ್ಚಿ ಕೊಟ್ಟು, ನೀರು ಕೊಟ್ಟು, ಗಿಟಾರ್ ಹಿಡಿದು ಎರಡನ್ನೂ ಬಾರಿಸಿ ತೋರಿಸಿದೆ. ಅಜ್ಜಿ ಗಮನ ಕೊಟ್ಟು ಕೇಳಿದರು. "ಕೇಳೋಕೆ ಎರಡನೇದೇ ಚೆಂದ. ಆದರೆ ಇಳಿಯೋಕೆ ಮೊದಲನೇದೇ ಆಗಬೇಕು" ಅಂತ ತೀರ್ಪು ಕೊಟ್ಟು, ಅದೇ ಬಸ್ಸಿನಲ್ಲಿ ವಾಪಸ್ ಹೋದರು.

ಕಂಡಕ್ಟರ್ ಹೇಳುವ ಪ್ರಕಾರ ಅಜ್ಜಿ ಈಗ ಬಸ್ ಹತ್ತಿದರೆ ಆಸ್ಪತ್ರೆಯ ಹೆಸರೇ ಎತ್ತುವುದಿಲ್ಲ. ಕೈ ನೀಡಿ "ಒಂದು ರಿ ಕೊಡಪ್ಪ" ಅನ್ನುತ್ತಾರೆ.

ಟೀಚರಮ್ಮನ ಹೋಂವರ್ಕ್

ನಿವೃತ್ತ ಹೆಡ್ ಟೀಚರ್ ಒಬ್ಬರು ಸೇರಿಕೊಂಡರು. ಒಂದು ಸ್ವರ ತಪ್ಪುವುದಿಲ್ಲ, ಒಂದು ತಾಳ ಜಾರುವುದಿಲ್ಲ. ಆದರೆ ಕೇಳಿದರೆ ಹಾಜರಿ ಕೂಗಿದ ಹಾಗೆ ಇರುತ್ತಿತ್ತು. "ಟೀಚರೇ, ಅದೇ ಸ್ಕೇಲನ್ನು ಒಂದು ವಾರ ಕೋಪದಲ್ಲಿ ಬಾರಿಸಿ. ಮುಂದಿನ ವಾರ ಕರುಣೆಯಿಂದ ಬಾರಿಸಿ. ಸ್ವರ ಅದೇ, ಮನಸ್ಸು ಬೇರೆ" ಅಂದೆ. ಅವರಿಗೆ ಹೋಂವರ್ಕ್ ಅಂದರೆ ಹೋಂವರ್ಕ್. ಸರಿ ಅಂತ ಬರೆದುಕೊಂಡು ಹೋದರು.

ನಾಲ್ಕೈದು ದಿನ ಬಿಟ್ಟು ಅವರ ಯಜಮಾನರು ಪೇಟೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. ಮೆದು ಸ್ವಭಾವದ ಮನುಷ್ಯ. "ಮಾಷೇ, ಈ ವಾರ ಅವಳಿಗೆ ಏನು ಕೊಟ್ಟಿದ್ದೀರಿ?"

"ಕೋಪ."

"ಹಾಗಾದರೆ ನಾನು ಏನೂ ಮಾಡಿಲ್ಲ ಅಲ್ವಾ?" ಅಂದರು. ಮುಖದಲ್ಲಿ ದೊಡ್ಡ ಸಮಾಧಾನ. ಟೀಚರಮ್ಮ ಬಾರಿಸುವುದಕ್ಕೆ ಮುಂಚೆ ಕೋಪ ಬರಿಸಿಕೊಳ್ಳಬೇಕಲ್ಲ, ಅದಕ್ಕೆ ಗಂಡನ ಹಳೇ ತಪ್ಪುಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿದ್ದರಂತೆ, ಅದೂ ಬಾಯಿಬಿಟ್ಟು.

ಕರುಣೆಯ ವಾರ ಬಂತು. ಯಜಮಾನರು ಹೆಂಡತಿಯನ್ನು ಬಿಡಲು ತಾವೇ ಕ್ಲಾಸಿನ ತನಕ ಬಂದರು. ಮುಖದಲ್ಲಿ ಕಳೆ ಬಂದಿತ್ತು, ಷರ್ಟಿಗೆ ಇಸ್ತ್ರಿ ಬಿದ್ದಿತ್ತು. ಟೀಚರಮ್ಮ ಕರುಣೆಯನ್ನು ಬಾರಿಸಿ ತೋರಿಸಿದರು. ನಿಜಕ್ಕೂ ಮನಸ್ಸು ಕರಗುವ ಹಾಗಿತ್ತು. ನಾನು ಹೊಗಳಿದೆ.

"ಇದು ಪರವಾಗಿಲ್ಲ" ಅಂದರು ಟೀಚರಮ್ಮ. "ಆದರೆ ಮಾಷೇ, ಕೋಪ ನನಗೆ ಸರಿಯಾಗಿ ಬಂದಿಲ್ಲ ಅನ್ನಿಸ್ತಿದೆ. ಅಭ್ಯಾಸ ಸಾಲದು. ಇನ್ನೊಂದು ತಿಂಗಳು ಅದನ್ನೇ ಮಾಡಲಾ?"

ಬಾಗಿಲ ಹೊರಗೆ ಯಾರೋ ಮೆಟ್ಟಿಲ ಮೇಲೆ ದೊಪ್ಪನೆ ಕೂತ ಸದ್ದಾಯಿತು.

ಗಿರಣಿಯ ಶ್ರುತಿ

ಒಂದೇ ಸಮ ಮೊಳಗುವ ಶ್ರುತಿಯ ಮೇಲೆ ಸ್ಕೇಲ್ ಬಾರಿಸಿದರೆ ಪ್ರತಿ ಸ್ವರದ ರುಚಿ ಬೇರೆಬೇರೆಯಾಗಿ ಸಿಗುತ್ತದೆ. ಇದನ್ನು ನಾನು ಟೈಲರ್ ಒಬ್ಬರಿಗೆ ಹೇಳಿದೆ. ಶ್ರುತಿಪೆಟ್ಟಿಗೆ ಯಾಕೆ, ನನ್ನ ಅಂಗಡಿಯ ಪಕ್ಕದಲ್ಲೇ ಹಿಟ್ಟಿನ ಗಿರಣಿ ಇದೆಯಲ್ಲ ಅಂದರು ಅವರು. ಹೋಗಿ ಕೇಳಿದೆ. ಗುಂಯ್ ಅಂತ ತಂಬೂರಿಯ ಹಾಗೇ ಮೊಳಗುತ್ತಿತ್ತು. ಸಂತೋಷವಾಗಿ ಒಪ್ಪಿಗೆ ಕೊಟ್ಟೆ.

ಸ್ವಲ್ಪ ದಿನ ಬಿಟ್ಟು ಕ್ಲಾಸಿನಲ್ಲಿ ಬಾರಿಸಿದರು. ನಾನು ದಂಗಾಗಿ ಹೋದೆ. ಸ್ವರಗಳನ್ನು ಮೆಲ್ಲಗೆ ಕೆಳಕ್ಕೆ ಜಗ್ಗುತ್ತಾರೆ, ಮತ್ತೆ ಮೆಲ್ಲಗೆ ಮೇಲಕ್ಕೆ ಎತ್ತುತ್ತಾರೆ. "ಈ ಗಮಕ ಎಲ್ಲಿ ಕಲಿತಿರಿ?" ಅಂದೆ.

"ಗಮಕ ಅಲ್ಲ ಮಾಷೇ, ವೋಲ್ಟೇಜು. ಸಂಜೆ ಎಲ್ಲರೂ ಲೈಟ್ ಹಾಕ್ತಾರಲ್ಲ, ಗಿರಣಿ ಸ್ವಲ್ಪ ಇಳಿಯುತ್ತೆ. ಅದರ ಜೊತೆ ನಾನೂ ಇಳೀತೀನಿ."

ನಾನು ಸೋಲೊಪ್ಪಲಿಲ್ಲ. "ಇರಲಿ, ನಡುವೆ ಥಟ್ಟನೆ ನಿಲ್ಲಿಸಿ ಮೌನವಾಗಿ ಕೂತಿರಲ್ಲ, ಆ ಜಾಗ ಅದ್ಭುತ."

"ಅದು ದಿನಾ ಕರೆಂಟ್ ಹೋಗೋ ಜಾಗ."

ಕಪ್ಪದ ತೋಟದ ನಿಯೋಗ

ಎಲ್ಲಕ್ಕಿಂತ ದೊಡ್ಡದು ಇದು. ಬಾವಲಿ ರಸ್ತೆಯಲ್ಲಿ, ಕಾಡಿನ ಅಂಚಿಗೆ ಅಂಟಿಕೊಂಡ ಹಾಗೆ ಒಂದು ಮನೆ. ತಲೆತಲಾಂತರದಿಂದ ಅಲ್ಲೇ ಬೇಸಾಯ ಮಾಡಿಕೊಂಡಿರುವ ಕನ್ನಡದ ಕುಟುಂಬ. ಮನೆಯ ಯಜಮಾನ ನನ್ನ ಶಿಷ್ಯ. ಗುದ್ದಲಿ ಹಿಡಿದ ಕೈ, ಗಿಟಾರನ್ನೂ ಗುದ್ದಲಿಯ ಹಾಗೇ ಹಿಡಿಯುತ್ತಿದ್ದ. ಸ್ಕೇಲ್ ಬಾರಿಸಿದರೆ ತಗಡಿಗೆ ಮೊಳೆ ಹೊಡೆದಂತೆ ಟಣ್, ಟಣ್, ಟಣ್. ಅದೂ ದಿನಾ ಸಂಜೆ, ಬಿಡದೆ.

ಅವನ ಹೆಂಡತಿ ಮೊದಮೊದಲು ಕಿವಿಗೆ ಹತ್ತಿ ಇಟ್ಟುಕೊಂಡಳು. ಆಮೇಲೆ ಗಂಡನನ್ನೇ ಹೊರಗಿಟ್ಟಳು. "ಒಳಗೆ ಬೇಡ, ಜಗಲಿ ಮೇಲೆ ಕೂತು ಏನು ಬೇಕಾದರೂ ಮಾಡ್ಕೊಳ್ಳಿ" ಅಂದಳು. ಜಗಲಿಯ ಎದುರಿಗೇ ಕಪ್ಪ, ಅಂದರೆ ಮರಗೆಣಸಿನ ತೋಟ. ಅದಕ್ಕೆ ತಾಗಿದಂತೆ ನೆರೆಯವರ ಕಪ್ಪ. ಅದರಾಚೆ ಕಾಡು.

ಅವನ ಮುಖ ನೋಡಿ ನನಗೆ ಪಾಪ ಅನ್ನಿಸಿತು. ನಾನು ಬಹಳ ಕಷ್ಟಪಟ್ಟು ಅವನ ಕೈ ಸಡಿಲ ಮಾಡಿದೆ. ಒಂದು ಸ್ವರ ಮೆಲ್ಲಗೆ, ಒಂದು ಸ್ವರ ಜೋರಾಗಿ. ಒಂದು ಸಲ ತೊಟ್ಟಿಲು ತೂಗಿದ ಹಾಗೆ, ಒಂದು ಸಲ ಹೊಳೆ ಹರಿದ ಹಾಗೆ. ಬಾರಿಸುವಾಗ ಜೊತೆಗೆ ಹಾಡಿಕೊಳ್ಳಲೂ ಹೇಳಿದೆ. ಒಂದು ದಿನ ಅವನು ಓಡೋಡಿ ಬಂದ. "ಮಾಷೇ, ಅವಳು ಒಳಗೆ ಕರೆದಳು! ಅಡುಗೆಮನೇಲಿ ಕೂತು ಬಾರಿಸಿ ಅಂದಳು!" ಕಣ್ಣಲ್ಲಿ ನೀರಿತ್ತು. ಇಷ್ಟು ವರ್ಷ ಕಲಿಸಿದ್ದು ಸಾರ್ಥಕವಾಯಿತು ಅಂದುಕೊಂಡೆ.

ಮುಂದಿನ ವಾರ ನನ್ನ ಕೋಣೆಗೆ ಒಂದು ನಿಯೋಗ ಬಂತು. ಅವನ ನೆರೆಯ ರೈತರು. ಮುಂದೆ ಬಿಳಿ ಮುಂಡು ಉಟ್ಟ ಹಿರಿಯರೊಬ್ಬರು. ಕೂರಲೂ ಒಪ್ಪಲಿಲ್ಲ.

"ಮಾಷೇ, ನೀವು ಅವನಿಗೆ ಏನು ಕಲಿಸಿದ್ರಿ?"

"ಸಂಗೀತ."

"ಎಡವಟ್ಟಾಗಿದ್ದು ಅಲ್ಲೇ" ಅಂದರು. "ಕಾಡುಹಂದಿ ಕಾಟಕ್ಕೆ ನಾವು ಬೇಲಿ ಸುತ್ತ ಹಳೇ ಸೀರೆ ಕಟ್ಟಿದ್ವಿ. ಡಬ್ಬ ಬಡಿದ್ವಿ. ಪಟಾಕಿ ಹೊಡೆದ್ವಿ. ಯಾವುದಕ್ಕೂ ಜಗ್ಗಲಿಲ್ಲ. ಅವನು ಜಗಲಿ ಮೇಲೆ ಕೂತು ಟಣ್ ಟಣ್ ಅನ್ನೋಕೆ ಶುರು ಮಾಡಿದ ಮೇಲೆ ಒಂದು ಹಂದಿನೂ ಇತ್ತ ತಲೆ ಹಾಕಿರಲಿಲ್ಲ. ಈಗ ಅವನು ಒಳಗೆ ಕೂತು ಜೋಗುಳ ಹಾಡ್ತಾನೆ. ಹಂದಿಗಳು ಮರಿ ಸಮೇತ ಬಂದು ಅರ್ಧ ತೋಟ ಕಿತ್ತು ಹಾಕಿವೆ."

"ದಯವಿಟ್ಟು ಅವನಿಗೆ ಮೊದಲಿನ ಥರಾನೇ ಕಲಿಸಿ" ಅಂದ ಹಿಂದಿದ್ದವನೊಬ್ಬ. ಬೆಳೆ ಹೋದವನ ಸಂಕಟ, ನಗುವ ಹಾಗೂ ಇರಲಿಲ್ಲ.

ಆದರೆ ನನ್ನೊಳಗಿನ ಸಂಗೀತಗಾರನಿಗೆ ರೋಷ ಬಂತು. ಹಂದಿಗೋಸ್ಕರ ಒಬ್ಬ ಮನುಷ್ಯ ಕೆಟ್ಟದಾಗಿ ಬಾರಿಸಬೇಕೇ? "ನೀವು ಮೊದಲು ಕೂತುಕೊಳ್ಳಿ" ಅಂದೆ. "ನಿಜವಾದ ಸಂಗೀತ ಹೇಗಿರುತ್ತೆ ಅಂತ ಒಂದು ಸಲ ಕೇಳಿ. ಆಮೇಲೂ ಅವನು ಮೊಳೆ ಹೊಡೀಬೇಕು ಅಂತ ನೀವೇ ಹೇಳಿದರೆ, ಹಾಗೇ ಕಲಿಸ್ತೀನಿ."

ಅವರು ಕೂತರು. ನಾನು ಗಿಟಾರ್ ತೊಡೆಗೇರಿಸಿಕೊಂಡು ಕಣ್ಣು ಮುಚ್ಚಿದೆ. ನನ್ನಲ್ಲಿ ಇದ್ದದ್ದನ್ನೆಲ್ಲ ತೆಗೆದೆ. ಕೆಳಗಿನ ತಂತಿಯಿಂದ ಆರ್ಪೆಜಿಯೊ ಏರಿಸಿದೆ, ಒಂದರಿಂದ ಇನ್ನೊಂದಕ್ಕೆ ಹಾರಿಸಿದೆ, ನಿಧಾನದಿಂದ ವೇಗಕ್ಕೆ, ವೇಗದಿಂದ ಮಿಂಚಿಗೆ ಕೊಂಡೊಯ್ದೆ. ಕೊನೆಯ ಸ್ವರವನ್ನು ಮೀಟಿ, ಅದು ತಾನಾಗಿ ಆರುವ ತನಕ ಬಿಟ್ಟೆ. ಇಷ್ಟು ಚೆನ್ನಾಗಿ ನಾನು ಯಾವ ವೇದಿಕೆಯ ಮೇಲೂ ಬಾರಿಸಿದವನಲ್ಲ.

ಕಣ್ಣು ಬಿಟ್ಟೆ. ಹಿರಿಯರು ಎದ್ದು ಬಂದರು. ನನ್ನ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ಇದೇ ಮಾಷೇ... ಇದನ್ನೇ ಅವನಿಗೆ ಕಲಿಸಿ" ಅಂದರು.

ನನ್ನ ಎದೆ ಉಬ್ಬಿತು.

"ಹಂದಿ ಇರಲಿ, ಇದು ಕೇಳಿದರೆ ಆನೆಯೂ ಹೊಳೆ ದಾಟಿ ಕರ್ನಾಟಕಕ್ಕೆ ಓಡುತ್ತೆ."