ನೀರುಳ್ಳಿ ಪೆಟ್ಟಿಗೆ ಮತ್ತು ಆಯಿಯ ಮಡಿಸೀರೆ

ಹಳೆಯ ಮನೆ ಕೊಳ್ಳುವಾಗ ಗೋಡೆ, ಮಾಡು, ಬಾವಿಯ ನೀರು ಎಲ್ಲವನ್ನೂ ಜನ ತಟ್ಟಿ, ಬಗ್ಗಿ, ಕುಡಿದು ನೋಡುತ್ತಾರೆ. ಮನೆಯ ಜೊತೆಗೆ ಬರುವ ಹಳೆಯ ಸಾಮಾನನ್ನು ಮಾತ್ರ ಯಾರೂ ನೋಡುವುದಿಲ್ಲ. ಕಾಲು ಮುರಿದ ಸ್ಟೂಲು, ಕೀಲಿಯಿಲ್ಲದ ಬೀಗ, ಯಾವ ಬಾಗಿಲಿಗೂ ಹೊಂದದ ಚಿಲಕ, ಇವೆಲ್ಲ ಹೊಸ ಯಜಮಾನನ ಎದುರು ಸ್ವಲ್ಪ ದಿನ ಸಂಕೋಚದಿಂದ ಮೂಲೆಯಲ್ಲಿದ್ದು ಆಮೇಲೆ ಮನೆಯವರೇ ಆಗಿಬಿಡುತ್ತವೆ. ಯಲ್ಲಾಪುರದ ಪೇಟೆಯಲ್ಲಿ ನಾನು ಕೊಂಡ ಮನೆಯಲ್ಲಿ ಹಾಗೆ ಸೇರಿಕೊಂಡದ್ದು ಒಂದು ಬಿಳಿಯ ಕಬ್ಬಿಣದ ಪೆಟ್ಟಿಗೆ. ಸೊಂಟದೆತ್ತರ, ಎದುರಿಗೆ ದುಂಡನೆಯ ಗಾಜಿನ ಬಾಗಿಲು, ಮೇಲೊಂದು ತಿರುಗಿಸುವ ಗುಂಡಿ. ಮನೆ ಮಾರಿದವರು ಟಿಂಬರ್ ವ್ಯಾಪಾರಿಗಳು. ಯಾವುದೋ ಸಾಹೇಬರು ಬಂಗಲೆ ಖಾಲಿ ಮಾಡುವಾಗ ಇದ್ದಬದ್ದ ಸಾಮಾನನ್ನೆಲ್ಲ ಒಟ್ಟಿಗೇ ಹರಾಜು ಹಿಡಿದಿದ್ದರಂತೆ. ಮೇಜು ಕುರ್ಚಿಗಳು ಅವರ ಲಾರಿ ಹತ್ತಿದವು. ಇದು ಹೊರಲಾರದಷ್ಟು ಭಾರವೆಂದು ನಮ್ಮ ಹಿಂದಿನ ಕೋಣೆಯಲ್ಲೇ ಉಳಿಯಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಆದ್ದರಿಂದ ಮನೆಗೆ ಬಂದವರೆಲ್ಲ ಇದೆಂತದು ಎಂದು ನನ್ನನ್ನೇ ಕೇಳುತ್ತಿದ್ದರು. ಗೊತ್ತಿಲ್ಲ ಎನ್ನುವ ಅಭ್ಯಾಸ ನಮ್ಮ ವೃತ್ತಿಯಲ್ಲಿಲ್ಲ. ‘ಹಳೇ ಕಾಲದ ಫ್ರಿಜ್ಜು, ಗ್ಯಾಸು ಹೋಗಿದೆ’ ಎಂದು ಮೊದಲ ದಿನವೇ ತೀರ್ಪು ಕೊಟ್ಟುಬಿಟ್ಟೆ. ಫ್ರಿಜ್ಜಿನ ಪಕ್ಕೆಗೆ ಇಷ್ಟು ದೊಡ್ಡ ತೂತು ಯಾಕೆ ಎಂದು ನಮ್ಮ ಗಣಿತದ ಮಾಸ್ತರರು ಕೇಳಿದಾಗ, ತಂಪು ಹೆಚ್ಚಾದರೆ ಹೊರಗೆ ಹೋಗಲಿಕ್ಕೆ ಎಂದು ವಿವರಿಸಿದೆ. ಅವರು ತಲೆದೂಗಿದರು. ನನ್ನ ಹೆಂಡತಿ ಸಾವಿತ್ರಿಗೆ ವಿವರಣೆಗಿಂತ ತೂತೇ ಹೆಚ್ಚು ಹಿಡಿಸಿತು. ಗಾಳಿಯಾಡುವ ಪೆಟ್ಟಿಗೆಯೊಂದು ಅವಳಿಗೆ ಬೇಕಾಗಿತ್ತು. ನಮ್ಮ ಆಯಿಯ, ಎಂದರೆ ನನ್ನ ತಾಯಿಯ, ಅಡುಗೆಮನೆಗೆ ನೀರುಳ್ಳಿ ಬೆಳ್ಳುಳ್ಳಿಗಳಿಗೆ ಪ್ರವೇಶವಿಲ್ಲ. ಸಾವಿತ್ರಿಗೋ ಸಂಜೆ ಒಂದಿಷ್ಟು ನೀರುಳ್ಳಿ ಬಜೆ ಕರಿಯದಿದ್ದರೆ ದಿನ ಮುಗಿದಂತೆಯೇ ಅನಿಸುವುದಿಲ್ಲ. ಹಿಂದಿನ ಕೋಣೆಯಲ್ಲೊಂದು ಸೀಮೆಎಣ್ಣೆ ಸ್ಟವ್, ಪಕ್ಕದ ಆ ಪೆಟ್ಟಿಗೆಯ ತುಂಬ ನೀರುಳ್ಳಿ. ಅತ್ತೆ ಸೊಸೆಯರ ನಡುವೆ ಗಡಿ ನಿರ್ಧಾರವಾಗಿ ಮನೆಯಲ್ಲಿ ಶಾಂತಿ ನೆಲೆಸಿತು. ಪೆಟ್ಟಿಗೆಗೆ ನೀರುಳ್ಳಿ ಪೆಟ್ಟಿಗೆ ಎಂದೇ ಹೆಸರಾಯಿತು.

ಇನ್ನು ಆಯಿಯ ಮಡಿಯ ವಿಚಾರ ಹೇಳಬೇಕು. ಬೆಳಿಗ್ಗೆ ಮಿಂದು, ಹಿಂದಿನ ದಿನ ತಾನೇ ಒಗೆದು ಯಾರೂ ಮುಟ್ಟದ ಹಾಗೆ ಎತ್ತರದ ಬಿದಿರಿನ ಗಳಕ್ಕೆ ಕೋಲಿನಿಂದ ಹರವಿದ ಹತ್ತಿ ಸೀರೆಯನ್ನು ಕೋಲಿನಿಂದಲೇ ಇಳಿಸಿ ಉಟ್ಟು, ದೇವರ ನೈವೇದ್ಯದ ಅಡುಗೆ ಮಾಡುವುದು ಅವಳ ಕ್ರಮ. ಬೇಸಿಗೆಯಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಜೂನ್ ಬಂತೆಂದರೆ ಗಳದ ಮೇಲಿನ ಸೀರೆ ವಾರವಾದರೂ ಒಣಗುವುದಿಲ್ಲ. ಆಯಿ ಅದನ್ನು ಹಸಿಹಸಿಯಾಗಿಯೇ ಉಟ್ಟುಕೊಂಡು ಒಲೆಯ ಮುಂದೆ ಕೂರುತ್ತಾಳೆ. ಎದುರಿನಿಂದ ಬೆಂಕಿ, ಹಿಂದಿನಿಂದ ಥಂಡಿ. ಶ್ರಾವಣದ ಹೊತ್ತಿಗೆ ಕೆಮ್ಮು ಶುರುವಾದರೆ ದೀಪಾವಳಿಯವರೆಗೂ ಬಿಡುವುದಿಲ್ಲ. ರೇಷ್ಮೆ ಸೀರೆಯಾದರೆ ದಿನಾ ಒಗೆಯಬೇಕಾಗಿಲ್ಲವಲ್ಲ, ಅದನ್ನೇ ಉಡು ಎಂದರೆ, ‘ಪಟ್ಟೆಮಡಿ ಎಲ್ಲ ಸೋಮಾರಿಗಳದ್ದು’ ಎಂದು ಮುಖ ತಿರುಗಿಸುತ್ತಾಳೆ. ಡಾಕ್ಟರರು ಒದ್ದೆ ಬಟ್ಟೆ ಬಿಡಿಸಿ ಎಂದು ನನಗೆ ಗದರಿದರು. ನಾನು ತೇವ, ಶೈತ್ಯ, ಶ್ವಾಸಕೋಶ ಎಂದೆಲ್ಲ ಆಯಿಗೆ ಪಾಠ ಮಾಡಿದೆ. ಹತ್ತನೇ ಕ್ಲಾಸಿನ ಹಿಂದಿನ ಬೆಂಚಿನವರು ಕೇಳುವಷ್ಟೇ ಶ್ರದ್ಧೆಯಿಂದ ಅವಳೂ ಕೇಳಿದಳು. ಮಡಿ ಎಂಬುದೇ ಮೂಢನಂಬಿಕೆ ಎಂದು ಸಿಟ್ಟಿನಿಂದ ಕೂಗಿದರೆ, ‘ಇದ್ದಿಕ್ಕು ಬಿಡು’ ಎಂದು ಒಪ್ಪಿಕೊಂಡವಳಂತೆ ಅಕ್ಕಿ ತೊಳೆಯಲು ಎದ್ದು ಹೋದಳು.

ಹೀಗಿರುವಾಗ ಒಂದು ವರ್ಷ ಆಷಾಢದಲ್ಲಿ ಹಿಂದಿನ ಕೋಣೆಯ ಹಂಚು ಸೋರಿ, ಪೆಟ್ಟಿಗೆಯನ್ನು ಸರಿಸಬೇಕಾಯಿತು. ನಾನೂ ಸಾವಿತ್ರಿಯೂ ಸೇರಿ ಹೇಗೋ ತಿರುಗಿಸಿದೆವು. ಬೆನ್ನಿನ ಮೇಲೆ ಸುತ್ತಿಟ್ಟ ದಪ್ಪ ವೈರು, ತುದಿಗೆ ಪ್ಲಗ್ಗು, ಪಕ್ಕದಲ್ಲೊಂದು ಸ್ಟೀಲಿನ ಪಟ್ಟಿ. ಪಟ್ಟಿಯ ಮೇಲಿನ ಸುಣ್ಣ ಕೆರೆದು ಓದಿದರೆ ಇಂಗ್ಲಿಷಿನಲ್ಲಿ ‘ಟಂಬಲ್ ಡ್ರೈಯರ್’ ಎಂದಿತ್ತು. ಶಬ್ದಕೋಶ ತೆಗೆದು ನೋಡಿದಾಗ ಉರುಳುವುದು, ಒಣಗಿಸುವುದು ಎಂಬ ಎರಡು ಅರ್ಥ ಸಿಕ್ಕವು. ಬಟ್ಟೆಗಳಿಗೆ ಬಿಸಿಗಾಳಿಯಲ್ಲಿ ಉರುಳುಸೇವೆ ಮಾಡಿಸುವ ಯಂತ್ರ! ಒಣಗಿದ ಅಂಗಿಯೊಂದಕ್ಕಾಗಿ ಊರೆಲ್ಲ ಹಂಬಲಿಸುವ ಈ ಮಳೆಯಲ್ಲಿ ಅದರೊಳಗೆ ನೀರುಳ್ಳಿ ತುಂಬಿಕೊಂಡು ಕೂತಿದ್ದೆವಲ್ಲ ಎಂದು ಹೊಟ್ಟೆ ಉರಿಯಿತು. ಸಾವಿತ್ರಿ ಮಾತ್ರ ನಿಧಾನವಾಗಿ, ‘ನಿಂಗ ಫ್ರಿಜ್ಜು ಹೇಳಿ ಹೇಳಿದ್ದಿ ಅಲ್ದ?’ ಎಂದಳು. ನಾನು ಕೇಳಿಸಲಿಲ್ಲವೆಂಬಂತೆ ವೈರು ಬಿಡಿಸುತ್ತ ಕೂತೆ.

ಮರುದಿನ ಕಿರವತ್ತಿ ಕಡೆಯ ಎಲೆಕ್ಟ್ರಿಷಿಯನ್ ಬಸಣ್ಣನನ್ನು ಕರೆಸಿದೆ. ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ‘ಇದು ಭಾಳ ಕರೆಂಟ್ ತಿಂತೈತ್ರಿ ಮಾಸ್ತರ. ದಪ್ಪ ವೈರ್ ಎಳೀಬೇಕು’ ಎಂದ. ಎಳೆದ. ಒಳಗಿನ ಹರಿದ ಬೆಲ್ಟಿನ ಬದಲು ಹಿಟ್ಟಿನ ಗಿರಣಿಯಿಂದ ತಂದದ್ದೊಂದನ್ನು ಕತ್ತರಿಸಿ ಕೂಡಿಸಿದ. ಗುಂಡಿ ತಿರುಗಿಸಿದೊಡನೆ ಮನೆಯ ಬಲ್ಬುಗಳೆಲ್ಲ ಹಳದಿಗೆ ತಿರುಗಿ, ಒಳಗಿನ ಡ್ರಮ್ಮು ಗುರ್ರೆಂದು ಹೊರಳತೊಡಗಿತು. ಬಸಣ್ಣ ಎರಡು ಹೆಜ್ಜೆ ಹಿಂದೆ ಸರಿದು, ‘ತಿರಗತೈತಿ ನೋಡ್ರಿ. ಹೆಂಗ ತಿರಗಾಕ ಹತ್ತೇತಿ ಅಂತ ನನಗೂ ತಿಳಿವಲ್ದು’ ಎಂದು ಪ್ರಾಮಾಣಿಕವಾಗಿ ಹೇಳಿ, ಚಹಾ ಕುಡಿದು ಹೋದ.

ಮೊದಲ ದಿನ ನನ್ನ ಅಂಗಿಯ ಜೊತೆ ಅಳಿದುಳಿದ ನೀರುಳ್ಳಿ ಸಿಪ್ಪೆಗಳೂ ಗಾಜಿನ ಹಿಂದೆ ಸುತ್ತು ಹಾಕಿದವು. ಆದರೇನು, ಮಳೆ ಧೋ ಎಂದು ಸುರಿಯುತ್ತಿರುವಾಗ ಬಿಸಿಬಿಸಿ ಅಂಗಿ ಹಾಕಿಕೊಳ್ಳುವ ಸುಖ ಇದೆಯಲ್ಲ, ಅದನ್ನು ಹೇಗೆ ಹೇಳಲಿ! ಟವೆಲನ್ನು ಹೊರಗೆ ತೆಗೆದು ಮುಖಕ್ಕೆ ಒತ್ತಿಕೊಂಡು ಹಾಗೇ ನಿಂತುಬಿಡುತ್ತಿದ್ದೆ. ಪಂಚೆ ಹಪ್ಪಳದಂತೆ ಗರಿಗರಿಯಾಗಿ ಬರುತ್ತಿತ್ತು. ಬೆಕ್ಕು ಪೆಟ್ಟಿಗೆಯ ನೆತ್ತಿಯ ಮೇಲೆ ಖಾಯಂ ಬಿಡಾರ ಹೂಡಿತು. ಸಾವಿತ್ರಿಯೂ ನಾನೂ ಸಿನೆಮಾ ನೋಡುವವರಂತೆ ಗಾಜಿನ ಎದುರು ಮಣೆ ಹಾಕಿಕೊಂಡು ಕೂತು, ಅಂಗಿಯ ತೋಳು ಸೀರೆಯ ಸೆರಗಿನೊಳಗೆ ಸಿಕ್ಕಿಕೊಳ್ಳುವುದನ್ನೂ ಬಿಡಿಸಿಕೊಳ್ಳುವುದನ್ನೂ ನೋಡುತ್ತಿದ್ದೆವು. ಶಾಲೆಯಲ್ಲಿ ನನ್ನಿಂದ ಸಣ್ಣಗೆ ನೀರುಳ್ಳಿ ವಾಸನೆ ಬರುತ್ತದೆಂದು ಗಣಿತದ ಮಾಸ್ತರರು ಮೂಗರಳಿಸಿದರು. ಆದರೆ ಅವರ ಅಂಗಿ ಒದ್ದೆಯಾಗಿತ್ತು, ನನ್ನದು ಒಣಗಿತ್ತು.

ಆಯಿಯ ಕೆಮ್ಮಿಗೆ ಇದೇ ಔಷಧಿ ಎಂದು ಹಿಗ್ಗಿ ಅವಳ ಬಳಿ ಹೋದೆ. ಒಳಗೆ ಬೆಂಕಿಯ ಹಾಗೆ ಕಾಯುತ್ತದೆ ಎಂದರೆ ಅವಳು ಮಾತೇ ಮುಗಿಸಗೊಡಲಿಲ್ಲ. ‘ತಮಾ, ನೀರುಳ್ಳಿ ಪೆಟ್ಟಿಗೇಲಿ ಎನ್ನ ಮಡಿಸೀರೆ ಹಾಕ್ತ್ಯನ? ಅದಕ್ಕಿಂತ ಆನು ಹಸೀ ಸೀರೇನೇ ಉಟ್ಗತ್ತೆ’ ಎಂದಳು. ಉಟ್ಟುಕೊಂಡಳು ಕೂಡ. ನಾನು ಸೋಪಿನ ನೀರಿನಲ್ಲಿ ಡ್ರಮ್ಮು ಉಜ್ಜಿದೆ, ನಿಂಬೆಹಣ್ಣಿನಿಂದ ತಿಕ್ಕಿದೆ. ನೀರುಳ್ಳಿಯ ಬುಟ್ಟಿ ನನ್ನ ಪುಸ್ತಕದ ಕಪಾಟಿಗೆ ಸ್ಥಳಾಂತರವಾಯಿತು. ಆಯಿ ಜಗ್ಗಲಿಲ್ಲ. ಆ ವರ್ಷದ ಕೆಮ್ಮು ಎಂದಿನಂತಿರಲಿಲ್ಲ. ಒಗ್ಗರಣೆ ಹಾಕುವಾಗ ಸೌಟು ಕೆಳಗಿಟ್ಟು ಗೋಡೆ ಹಿಡಿದು ಕೆಮ್ಮುತ್ತಿದ್ದಳು. ಹತ್ತಿರ ಹೋಗಿ ಬೆನ್ನು ನೀವೋಣವೆಂದರೆ ಮಡಿ, ಮುಟ್ಟುವಂತಿಲ್ಲ. ಹೆತ್ತ ತಾಯಿ ಎರಡು ಮಾರು ದೂರದಲ್ಲಿ ಕುಗ್ಗಿಹೋಗುತ್ತಿದ್ದರೆ ನಾನು ಬಾಗಿಲಲ್ಲಿ ಬಿಸಿ ಅಂಗಿ ಹಾಕಿಕೊಂಡು ನಿಂತಿದ್ದೆ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅಂಗಿಯ ಸುಖವೂ ಅಂದಿಗೆ ಹೋಯಿತು.

ದಾರಿ ತೋರಿಸಿದ್ದು ಸಾವಿತ್ರಿಯ ಟವೆಲು. ಒಂದು ಮಧ್ಯಾಹ್ನ ಆಯಿಯ ಊಟವಾಗಿ ಮಡಿ ಮುಗಿದ ಮೇಲೆ, ಅವಳು ಜಗುಲಿಯಲ್ಲಿ ಕೂತು ಕೆಮ್ಮುತ್ತಿದ್ದಾಗ ಸಾವಿತ್ರಿ ಏನೂ ಹೇಳದೆ ಕೇಳದೆ ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ದೊಡ್ಡ ಟವೆಲನ್ನು ಅತ್ತೆಯ ಬೆನ್ನಿನ ಮೇಲೆ ಹೊದೆಸಿದಳು. ಆಯಿ ಬೇಡವೆನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಟವೆಲಿನ ಎರಡು ತುದಿಗಳನ್ನು ಎದೆಯ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿದಳು. ಅದು ತಣ್ಣಗಾಗುವವರೆಗೂ ತುದಿಗಳನ್ನು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಆಯಿ ನನ್ನನ್ನು ಕರೆದಳು. ‘ಆ ಪೆಟ್ಟಿಗೆ ಒಳಗೆ ಬೆಂಕಿ ಇದ್ದು ಹೇಳಿ ಹೇಳಿದ್ಯಲ, ಖರೇನ?’

ಬೆಂಕಿಯಲ್ಲ, ತಂತಿ ಕಾಯುತ್ತದೆ, ಆ ಶಾಖಕ್ಕೆ ಗಾಳಿ ಎಂದು ಪಾಠ ಶುರು ಮಾಡುವವನಿದ್ದೆ. ಹಿಂದಿನಿಂದ ಸಾವಿತ್ರಿ ಅಂಗಿ ಜಗ್ಗಿದಳು. ‘ಹೌದು ಆಯಿ, ಕೆಂಡದ ಹಾಂಗೆ ಕಾಯ್ತು’ ಎಂದೆ.

‘ಕಬ್ಬಿಣ ಬೆಂಕಿಗೆ ಕಾದ್ರೆ ಮೈಲಿಗೆ ಉಳಿತಿಲ್ಲೆ. ಎನ್ನ ಅತ್ತೆನೂ ಹಂಗೇ ಹೇಳ್ತಿತ್ತು’ ಎಂದು ಆಯಿ, ಸತ್ತು ಎಷ್ಟೋ ವರ್ಷವಾದ ನನ್ನ ಅಜ್ಜಿಯನ್ನು ಸಾಕ್ಷಿಗೆ ಕರೆದಳು. ಅಂದೇ ಶುದ್ಧಿಯ ಕೆಲಸ ನಡೆಯಿತು. ಆಯಿ ಮಿಂದು ಬಂದು ಹುಣಸೆಹುಳಿ, ಬೂದಿ ಹಾಕಿ ಡ್ರಮ್ಮನ್ನು ದೇವರ ತಂಬಿಗೆಯಂತೆ ಬೆಳಗಿದಳು. ಒಂದಿಷ್ಟು ಗೋಮೂತ್ರ ಪ್ರೋಕ್ಷಿಸುವ ವಿಚಾರವೂ ಇತ್ತು. ಕರೆಂಟಿಗೆ ಅದು ಆಗಿಬರುವುದಿಲ್ಲವೆಂದು ಕೈಮುಗಿದು ತಪ್ಪಿಸಿದೆ. ಆಮೇಲೆ ಪೆಟ್ಟಿಗೆಯನ್ನು ಖಾಲಿಯಾಗಿಯೇ ಬಹಳ ಹೊತ್ತು ಕಾಯಿಸಿದ್ದಾಯಿತು. ಕೊನೆಗೆ ಆಯಿ ಬೆಕ್ಕನ್ನು ಓಡಿಸಿ, ತನ್ನ ಸೀರೆಯನ್ನು ತಾನೇ ಒಳಗಿಟ್ಟು ಗುಂಡಿ ತಿರುಗಿಸಿದಳು. ಗಾಜಿನ ಹಿಂದೆ ಅವಳ ಬಿಳಿ ಸೀರೆ ಉರುಳತೊಡಗಿದಾಗ ಒಮ್ಮೆ ಕೈ ಮುಗಿದದ್ದನ್ನು ನಾನು ನೋಡಿದೆ. ಚೌತಿ ಬರುವಷ್ಟರಲ್ಲಿ ಕೆಮ್ಮು ನಿಂತಿತು. ಅಷ್ಟು ಸಂತೋಷ ನನಗೆ ಮನೆ ಕೊಂಡಾಗಲೂ ಆಗಿರಲಿಲ್ಲ.

ತೊಂದರೆ ಶುರುವಾದದ್ದು ಆಮೇಲೆ. ಪೆಟ್ಟಿಗೆ ಈಗ ಆಯಿಯದಾಯಿತು. ಅಂದರೆ ಪೆಟ್ಟಿಗೆಯೇ ಮಡಿ. ನಾನು ಎಂದಿನಂತೆ ಒದ್ದೆ ಅಂಗಿ ಹಿಡಿದು ಹೋದರೆ, ‘ಮುಟ್ಟಡ! ಮುಟ್ಟಡ!’ ಎಂದು ಒಳಗಿನಿಂದ ಕೂಗು ಬಂತು. ಬಹಳ ಬೇಡಿಕೊಂಡ ಮೇಲೆ ಒಂದು ರಿಯಾಯಿತಿ ಸಿಕ್ಕಿತು. ಹೊಲಿದ ಅಂಗಿ ಮಡಿಯಲ್ಲ. ಆದರೆ ಮಿಂದು ಮಡಿಯಲ್ಲಿದ್ದವರು ತಾವೇ ಒಗೆದು ತಾವೇ ಹಾಕಿದರೆ ಪೆಟ್ಟಿಗೆಗೆ ದೋಷವಿಲ್ಲ. ಸಾವಿತ್ರಿ ಈ ನಿಯಮವನ್ನು ಎರಡೂ ಕೈಯಿಂದ ಸ್ವಾಗತಿಸಿದಳು. ಅಂದಿನಿಂದ ನನ್ನ ಬಟ್ಟೆ ಒಗೆಯುವ ಕೆಲಸ ಅವಳಿಗೆ ತಪ್ಪಿತು. ಕೋಳಿ ಕೂಗುವ ಹೊತ್ತಿಗೆ ಎದ್ದು, ತಣ್ಣೀರಿನಲ್ಲಿ ಮಿಂದು, ಒದ್ದೆ ಪಂಚೆಯಲ್ಲಿ ನಡುಗುತ್ತ ಅಂಗಿ ಕುಕ್ಕಿ, ಯಾರ ಮೈಯೂ ಸೋಕದಂತೆ ಗೋಡೆ ಹಿಡಿದು ನಡೆದು ಪೆಟ್ಟಿಗೆ ಮುಟ್ಟುವವನಾದೆ. ಒಣಗಿದ ಅಂಗಿಯ ಆಸೆ ಎಂಥವನನ್ನೂ ದಾರಿಗೆ ತರುತ್ತದೆ. ನಾನು ಬಾವಿಕಟ್ಟೆಯಲ್ಲಿ ದಿನಾ ನಸುಕಿನಲ್ಲಿ ಮೀಯುವುದನ್ನು ಬೇಲಿಯಾಚೆಯವರೆಲ್ಲ ನೋಡಿದರು. ವಿಜ್ಞಾನದ ಮಾಸ್ತರರಿಗೆ ಕೊನೆಗೂ ಜ್ಞಾನೋದಯವಾಯಿತೆಂದು ಪೇಟೆಯಲ್ಲಿ ಸುದ್ದಿಯಾಯಿತು. ದೇವಸ್ಥಾನದಲ್ಲಿ ಪ್ರಸಾದವೂ ಸ್ವಲ್ಪ ಧಾರಾಳವಾಗಿ ಸಿಗತೊಡಗಿತು. ನಾನು ಇಲ್ಲವೆನ್ನಲಿಲ್ಲ.

ಮಳೆ ಮುಗಿಯಿತು. ಚಳಿ ಕಳೆದು, ಅಂಗಿ ಹಗ್ಗದ ಮೇಲೆಯೇ ಒಣಗುವ ಬಿಸಿಲೂ ಬಂತು. ಒಂದು ರವಿವಾರ ಪಕ್ಕದ ಮನೆಯ ಗಣಪಣ್ಣ ಹೆಗಲಿಗೆ ಶಾಲು ಹೊದ್ದು ಗಂಭೀರವಾಗಿ ಅಂಗಳಕ್ಕೆ ಬಂದ. ‘ಮಾಸ್ತರ್ರೆ, ಬಪ್ಪ ವಾರ ಅಪ್ಪಯ್ಯನ ತಿಥಿ. ಮಡಿ ಹಿಡಿದು ನಡೆಸವ್ರು ಈಗ ಸಿಗ್ತ್ವಿಲ್ಲೆ. ಬ್ರಾಹ್ಮಣಾರ್ಥಕ್ಕೆ ನಿಂಗನೇ ಬರವು’ ಎಂದ. ಪಿತೃಗಳ ಸ್ಥಾನದಲ್ಲಿ ಕೂತು ಉಣ್ಣಲು ಕರೆಯುವ ಅವನ ದನಿಯಲ್ಲಿದ್ದ ಗೌರವ ಕಂಡು ನನಗೇ ನನ್ನ ಮೇಲೆ ಭಕ್ತಿ ಹುಟ್ಟಿತು. ಒಪ್ಪಿಕೊಳ್ಳೋಣವೆಂದು ನೆಟ್ಟಗೆ ನಿಲ್ಲುವಷ್ಟರಲ್ಲಿ ಆಯಿ ಹೊಸಿಲಿಗೆ ಬಂದು ನಿಂತಳು.

‘ಬೇರೆಯವ್ರನ್ನ ನೋಡು ಗಣಪಣ್ಣ. ಅವಂದು ಮಳೆಗಾಲದ ಮಡಿ. ಬೇಸಗೇಲಿ ಅಂವ ಬರೀ ಮಾಸ್ತರ’ ಎಂದಳು.

ಗಣಪಣ್ಣ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಹೊತ್ತು ನೆತ್ತಿಗೇರುತ್ತ ಬಂದಿತ್ತು. ನಾನು ಹಾಸಿಗೆಯಿಂದ ಎದ್ದು ಬಂದ ಲುಂಗಿಯಲ್ಲೇ, ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡು ನಿಂತಿದ್ದೆ. ಬೇರೆ ದಾರಿ ಕಾಣದೆ ಹೌದೆಂದು ತಲೆಯಾಡಿಸಿದೆ.