ಸ್ಮ್ಯಾಷರನ ಹೆಗಲು, ಮಾಸ್ತರನ ಎದಿ

ಮಂದಿಗೆ ಕೈ ಮ್ಯಾಲೆತ್ತಿಸೋ ನೌಕರಿ ಹಿಡದವಗ ಇಂಥಾವು ತಪ್ಪೂದಿಲ್ಲ ಬಿಡ್ರಿ. ನಾ ಮುಂಡರಗಿ ಕಡೆ ಹೈಸ್ಕೂಲಿನಾಗ ಪಿ.ಟಿ. ಮಾಸ್ತರ. ಮೀಸಿ ದಪ್ಪ, ಸೀಟಿ ಜೋರು, ಎದಿ ಮಾತ್ರ ಗುಬ್ಬೀದು.

೧. ಎದ್ದು ನಿಂತ ಎಲುಬು

ಗದಗ ಆಗಷ್ಟ ಹೊಸ ಜಿಲ್ಲಾ ಆಗಿತ್ತು. ಮದಲ ಧಾರವಾಡದ ಹುಡುಗರ ಗದ್ದಲದಾಗ ನಮ್ಮವರನ್ನ ಯಾರೂ ಕೇಳತಿರಲಿಲ್ಲ. ಈಗ ನಮ್ಮ ಜಿಲ್ಲಾದ್ದ ವಾಲಿಬಾಲ್ ಟೀಮು, ಇನ್ನ ಮೂರು ವಾರಕ್ಕ ಆಯ್ಕೆ. ನನ್ನ ಆಸೆ ಎಲ್ಲಾ ಹಮ್ಮಿಗಿಯ ಒಬ್ಬ ಹುಡುಗನ ಮ್ಯಾಲೆ. ಗಾದಿ ಹೊಲಿಯೋರ ಮಗ. ಹಾರಿ ಸ್ಮ್ಯಾಷ್ ಹೊಡದ್ರ ಎದುರಿನವ್ರು ಚೆಂಡು ಬಿಟ್ಟು ಓಡತಿದ್ರು.

ಅಂಥಾದ್ರಾಗ ಆಂವ ಹೆಗಲು ಹಿಡಕೊಂಡು ಕುಂತ. ಅಂಗಿ ತಗಸಿ, ಗ್ವಾಡಿಗೆ ಕೈ ಊರಿಸಿ ನಿಲ್ಲಿಸಿದೆ. ಬಲಗಡೆ ಹೆಗಲ ಹಿಂದಿನ ಹಲಗಿಯಂಥಾ ಎಲುಬು ಬೆನ್ನು ಬಿಟ್ಟು ಎದ್ದಿತ್ತು. ಅದರ ಕೆಳಗ ನನ್ನ ಬೆರಳ ಹೋತು. ದಿನಾ ಕತ್ತಲಾಗೋತನಕ ಹೊಡಿಸಿದಾಂವ ನಾನ ಅಲ್ಲೇನು!

ಅವನ್ನೂ ಅವರವ್ವನ್ನೂ ಕರಕೊಂಡು ಗದಗಿನ ಫಿಸಿಯೋಥೆರಪಿ ಡಾಕ್ಟರಬಾಯಾರ ಹತ್ರ ಓಡಿದೆ. ಅವರು ಹಿಂದ ನಿಂತು, ಕೈ ಎತ್ತಿಸಿ ಇಳಿಸಿ ನೋಡಿದ್ರು.

"ಎಲುಬು ಮುರದಿಲ್ಲ. ಕೈ ಮ್ಯಾಲೆ ಹೋದಾಗ ಈ ಹಲಗೀನೂ ಜೋಡೀಲೆ ತಿರಗಬೇಕು. ಅದನ್ನ ಹಿಡಿಯೋ ಸ್ನಾಯು ಸೋತಾವು. ಮೂರು ವಾರ ಚೆಂಡು ಹೊಡಿಬ್ಯಾಡ. ಮುಂಜಾನೆ ಸಂಜಿ ಗ್ವಾಡಿಗೆ ಕೈ ಊರಿ ನೂಕು. ಆಯ್ಕೆ ದಿನಾ ನೋಡತೀನಿ. ಸರಿ ಆಗಿಲ್ಲಂದ್ರ ಆಟಾ ಇಲ್ಲ."

"ಯಾ ಅಲ್ಲಾ!" ಅಂತ ಅವರವ್ವ ಸೆರಗು ಬಾಯಿಗೆ ಹಿಡಕೊಂಡ್ಲು. "ಬಾಯಾರ, ಇವಗ ಏನ ತಿನ್ನಸಲಿ, ಏನ ಕುಡಸಲಿ?"

"ಇವಗೇನೂ ಬ್ಯಾಡ. ಮದಲ ಆ ಮಾಸ್ತರಿಗೆ ನೀರು ಕುಡಸ್ರಿ, ಬೀಳಾಕ ಹತ್ಯಾರ."

೨. ನಡುವಿನ ಗ್ವಾಡಿ

ಎಂಟು ದಿನಕ್ಕ ಹುಡುಗನ ಚಾಚಾ ಶಾಲಿಗೆ ಬಂದ. ತಲಿ ತುಂಬ ಮಣ್ಣು. ಅಣ್ಣ ತಮ್ಮಂದು ಮನಿ ಪಾಲಾಗಿ, ನಡುವ ಒಂದ ಮಣ್ಣಿನ ಗ್ವಾಡಿ.

"ಮಾಸ್ತರ್ರ, ನಮ್ಮಣ್ಣ ಮಗನ್ನ ಹಚ್ಚಿ ಗ್ವಾಡಿ ಕೆಡವಾಕ ಹತ್ಯಾನ. ದಿನಾ ಎರಡ ಹೊತ್ತು ಹುಡುಗ ಅದನ್ನ ನೂಕ್ತಾನ, ನನ್ನ ಚಾದಾಗ ಮಾಳಗಿ ಮಣ್ಣು! ಅದು ನನ್ನ ಮ್ಯಾಲೆ ಬಿತ್ತಂದ್ರ ಹೆಂಡ್ರು ಮಕ್ಕಳ ಗತಿ ಏನ್ರಿ?"

ಸುಡಗಾಡ, ಒಂದು ಹೆಗಲು ಸರಿ ಮಾಡಾಕ ಹೋಗಿ ಒಂದು ಸಂಸಾರನ ಹುಗದೆ ಅಂತ ಎದಿ ಝಲ್ ಅಂತು. ಓಡಿ ಹೋಗಿ ನೋಡಿದೆ. ಗ್ವಾಡಿ ಆನಿ ನೂಕಿದ್ರೂ ಅಳ್ಳಾಡೂ ಹಂಗಿರಲಿಲ್ಲ. ಮಣ್ಣು ಉದರತಿದ್ದದ್ದು ಮಾಳಗಿ ಹಳೇದಾಗಿದ್ದಕ್ಕ. ಚಾಚಾಗ ಮಾತ್ರ ನಂಬಿಕಿ ಬರವಲ್ದು.

"ಹಂಗಾದ್ರ ಅದ ಹೊತ್ತಿಗೆ ಆ ಕಡೆಯಿಂದ ನೀವೂ ಒತ್ತಿ ಹಿಡೀರಿ" ಅಂದು ಪಾರಾಗಿ ಬಂದೆ.

ವಾರದ ಮ್ಯಾಲೆ ಚಾಚಾ ಬಸ್ ಸ್ಟ್ಯಾಂಡಿನಾಗ ಸಿಕ್ಕ. ಗ್ವಾಡಿ ಹೆಂಗೈತಿ ಅಂದೆ.

"ಗ್ವಾಡಿ ಹಂಗ ಐತ್ರಿ, ನನ್ನ ಹಳೇ ಹೆಗಲ ನೋವು ಹೋತು. ಈಗ ಹುಡುಗ ಜಲ್ದಿ ಏಳಲಿಲ್ಲಂದ್ರ ನಾನ ಗ್ವಾಡಿ ಬಡದು ಎಬ್ಬಸತೀನಿ."

೩. ತಕರಾರ

ಆಯ್ಕೆ ದಿನಾ ಮುಂಜಾನೆ ಡಾಕ್ಟರಬಾಯಾರು ನೋಡಿ, "ಎರಡೂ ಹಲಗಿ ಜೋಡೀಲೆ ತಿರಗಾಕ ಹತ್ಯಾವು. ಆಡ್ಲಿ. ನೋವಾತಂದ್ರ ಅಲ್ಲೇ ಬಿಡ್ಲಿ" ಅಂದ್ರು. ನನ್ನ ಅಂಜಿಕಿ ಇಳೀಲಿಲ್ಲ. ಮೂರು ವಾರ ಆಂವ ಒಂದು ಚೆಂಡೂ ಹೊಡದಿಲ್ಲ. ಹೆಗಲ ಮತ್ತ ಕೈಕೊಟ್ರ ಟೀಮೂ ಹೋತು, ಹುಡುಗನ ಆಟಾನೂ ಹೋತು. ಅವರವ್ವಗ ಯಾವ ಮಾರಿ ತೋರಸಲಿ?

ಚೆಂಡು ಎದ್ದಿತು, ಹುಡುಗ ಹಾರಿದ, ನಾ ಕಣ್ಣು ಮುಚ್ಚಿದೆ. ಫಟ್ ಅಂತ ಸಪ್ಪಳಾತು. ಕಣ್ಣು ತಗದ್ರ ಆಂವ ನಗಾಕ ಹತ್ತಿದ್ದ! ಮತ್ತ ಹೊಡದ, ಮತ್ತ ಹೊಡದ. ನಾ ಖುಷಿ ತಡೀಲಾರದ ಎರಡೂ ಕೈ ಎತ್ತಿ ಕುಣದೆ.

ಎಡಗೈ ಇಳೀತು. ಬಲಗೈ ಇಳೀಲಿಲ್ಲ. ಹೆಗಲ ಹಿಂದ ಏನೋ ಹಿಡಕೊಂಡಿತ್ತು, ಒಂದು ಬೊಟ್ಟು ಇಳಸಿದ್ರೂ ಜೀವಾ ಹೋದಂಗ ಆಗತಿತ್ತು. ನಾಚಿಕಿಗೆ ಯಾರಿಗೂ ಹೇಳದ ಕೈ ಎತ್ತಿಕೊಂಡ ನಿಂತೆ.

ಅಷ್ಟೊತ್ತಿಗೆ ಆಯ್ಕೆ ಮಾಡೋ ಸಾಹೇಬ್ರು ಹಾಳಿ ಹಿಡಕೊಂಡು, ಗುಮಾಸ್ತನ್ನ ಕರಕೊಂಡು ಬಂದ್ರು. ಶಿರಹಟ್ಟಿಯವ್ರು, ಮುಂಡರಗಿಯವ್ರು ಆಮ್ಯಾಲೆ ಜಗಳಾಡಬಾರದಂತ ಅವರೊಂದು ಪದ್ಧತಿ ಮಾಡಿದ್ರು. ಹೆಸರು ಓದಿದಾಗ ತಕರಾರ ಇದ್ದ ಮಾಸ್ತರ ಕೈ ಎತ್ತಬೇಕು. ಎತ್ತಿದ್ರ ಆ ಹೆಸರು ರದ್ದು. ಮೊದಲನೇ ಹೆಸರ ನಮ್ಮ ಹುಡುಗಂದು.

"ಯಾರದರ ತಕರಾರ ಐತೇನ್ರಿ?"

ಇಡೀ ಮೈದಾನದಾಗ ಎದ್ದ ಕೈ ಒಂದ. ನಂದು.

"ಮಾಸ್ತರ್ರ, ನಿಮ್ಮ ಹುಡುಗಗ ನಿಮ್ಮದ ತಕರಾರೇನು?" ಅಂತ ಸಾಹೇಬ್ರು ಪೆನ್ನಿನ ಟೋಪಿ ತಗದ್ರು.

ಬಾಯಿ ತಗದೆ, ಅಂಜಿಕಿಗೆ ಮಾತ ಹೊರಡವಲ್ದು. ಹುಡುಗನ ಕಣ್ಣಾಗ ನೀರು. ಪೆನ್ನು ಹಾಳಿಗೆ ಹತ್ತೋದರಾಗ ನನ್ನ ಮಾರಿ ನೋಡಿ, ಕೈ ಮ್ಯಾಲೇ ಸಿಕ್ಕೊಂಡೈತಿ ಅಂತ ಅವಗ ತಿಳೀತು. ಓಡಿ ಬಂದು, ಹಿಂದಿನಿಂದ ನನ್ನ ಹೆಗಲ ಹಲಗಿಗೆ ಅಂಗೈ ಹಚ್ಚಿ ಸಾವಕಾಶ ಒತ್ತಿದ. ಲಟಕ್ ಅಂತು, ಕೈ ಇಳೀತು.

ಸಾಹೇಬ್ರು ನನ್ನ ನೋಡಿದ್ರು, ಅವನ ನೋಡಿದ್ರು, ಕಡೀಕ ಗುಮಾಸ್ತಗ ಹೇಳಿದ್ರು:

"ಹುಡುಗನ್ನ ತಗೊಂಡೀವಿ ಅಂತ ಬರಕೋರಿ. ತಕರಾರನ್ನ ಆಂವನ ಇಳಿಸ್ಯಾನ."