ಮನುಷ್ಯರಿಲ್ಲದ ಪಟ

ಆ ದಿನದ ತಾಪತ್ರಯಕ್ಕೆಲ್ಲ ಮೂಲ, ಕ್ಯಾಮರಾದಲ್ಲಿ ಒಂದೇ ಒಂದು ಪಟಕ್ಕಾಗುವಷ್ಟು ಫಿಲಂ ಉಳಿದಿದ್ದದ್ದು. ಎರಡನೇ ಮಹಾಯುದ್ಧವೇನೋ ಮುಗಿದಿತ್ತು, ಆದರೆ ಫಿಲಂ ಇನ್ನೂ ಅಂಗಡಿಗಳಿಗೆ ಬಂದಿರಲಿಲ್ಲ.

ಕೊಳ್ಳೇಗಾಲದ ರೇಷ್ಮೆ ಸೀರೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಗುರುಪಾದಸ್ವಾಮಿಗೆ ಹಳೆಯ ಕಟ್ಟಡಗಳ ಪಟ ತೆಗೆಯುವ ಹುಚ್ಚು. ರಜೆ ಬಂತೆಂದರೆ ಡಬ್ಬಿ ಕ್ಯಾಮರಾ ಹೆಗಲಿಗೆ ಹಾಕಿಕೊಂಡು ಹಾಳು ಗುಡಿ, ಮುರಿದ ಮಂಟಪ, ಒರಗಿದ ವೀರಗಲ್ಲು ಹುಡುಕಿಕೊಂಡು ಹೊರಟುಬಿಡುತ್ತಿದ್ದ. ಮನುಷ್ಯರ ಪಟ ಮಾತ್ರ ತೆಗೆಯುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಶಿವರತ್ನಮ್ಮ "ನಂದೊಂದು ತೆಗೀರಿ" ಎಂದು ಕೇಳಿದ್ದಳು. "ನಂದು ಕಲ್ಲಿನ ವ್ರತ ಕಣೆ. ಒಬ್ಬರದು ತೆಗುದ್ರೆ ಊರೋರದೆಲ್ಲ ತೆಗೀಬೇಕಾಯ್ತದೆ" ಎಂದುಬಿಟ್ಟಿದ್ದ. ಆಮೇಲೆ ಮಗು ಹುಟ್ಟಿತು, ತೆವಳಿತು, ನಡೆಯಿತು, ಅದರ ಮುಂದಿನ ಹಾಲುಹಲ್ಲು ಬಿದ್ದೂ ಆಯಿತು. ವ್ರತ ಮುರಿಯಲಿಲ್ಲ.

ಆ ಭಾನುವಾರ ಬುತ್ತಿ ಕಟ್ಟುತ್ತಾ ಶಿವರತ್ನಮ್ಮ ಕೇಳಿದಳು. "ಇವತ್ತು ಯಾವ ಕಲ್ಲು?"

"ಯಳಂದೂರಿನ ಬಳೆ ಮಂಟಪ. ಕಲ್ಲಲ್ಲೇ ಬಳೆ ಕೆತ್ತಿ, ಒಂದ್ರೊಳಗೊಂದು ಕೋದು ಇಳಿಬಿಟ್ಟವ್ರೆ! ಮೈಸೂರಲ್ಲಿ ಪಟಗಳ ಪ್ರದರ್ಶನ ಐತೆ. ಕಟ್ಟಡದ ಪಟದಲ್ಲಿ ಒಬ್ಬ ಮನುಷ್ಯನೂ ಕಾಣಬಾರದು ಅಂತ ಅವರ ಷರತ್ತು. ನಾನು ತೆಗೆದದ್ದು ಅಲ್ಲಿ ಗೋಡೆ ಮೇಲೆ ತೂಗುಬಿದ್ರೆ ಸಾಕು, ನನ್ ಜನ್ಮ ಸಾರ್ಥಕ."

"ಕಲ್ಲಿನ ಬಳೆ ನೋಡಕ್ಕೆ ಯಳಂದೂರ್ಗಂಟ ಓಯ್ತೀರ. ಗಾಜಿನ ಬಳೆ ಆಕ್ಕಂಡೋಳು ಕಣ್ಮುಂದೆ ನಿಂತವ್ಳೆ, ಕಾಣಾಕಿಲ್ಲ."

"ವ್ರತ ಕಣೆ, ಏನ್ಮಾಡ್ಲಿ?"

"ಇರ್ಲಿ. ಅದು ಮುರುದ ದಿನ ಮೊದ್ಲು ನಾನು ಕೂತ್ಕಬೇಕು, ಆಮೇಲೆ ಮಿಕ್ಕೋರು. ತಿಳೀತಾ?" ಎಂದು ಮೊಸರನ್ನದ ಡಬ್ಬಿಯ ಮುಚ್ಚಳ ಒತ್ತಿ ಕೈಗೆ ಕೊಟ್ಟಳು.

ಪೆಟ್ರೋಲಿನ ಬದಲು ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು ಉಬ್ಬಸದ ಮುದುಕನಂತೆ ಕೆಮ್ಮುತ್ತಾ ಮದ್ರಾಸ್ ಸೀಮೆಯ ಕೊಳ್ಳೇಗಾಲ ಬಿಟ್ಟು ಮೈಸೂರು ಸೀಮೆಯ ಯಳಂದೂರು ಸೇರಿತು. ಮಂಟಪದ ಮುಂದೆ ನರಪಿಳ್ಳೆ ಇರಲಿಲ್ಲ. ಬಿಸಿಲು ಓರೆಯಾಗಿ ಬಿದ್ದು ಕಲ್ಲಿನ ಬಳೆಗಳು ಈಗ ತಾನೇ ತೊಟ್ಟವುಗಳ ಹಾಗೆ ಕಾಣುತ್ತಿದ್ದವು. ಗುರುಪಾದಸ್ವಾಮಿ ಡಬ್ಬಿಯನ್ನು ಹೊಟ್ಟೆಗೊತ್ತಿ ಹಿಡಿದು, ಬಗ್ಗಿ ಗಾಜಿನಲ್ಲಿ ನೋಡಿದ. ಮಂಟಪದ ಬದಲು ಒಂದು ರುಮಾಲು ಕಾಣಿಸಿತು.

"ಏನ್ ಸಾ, ಅಳತೇನಾ?" ರುಮಾಲಿನ ಕೆಳಗಿದ್ದವನು ಎದುರಿನ ಬೆಲ್ಲದಂಗಡಿಯ ವೃಷಭೇಂದ್ರಪ್ಪ.

"ಅಲ್ಲ, ಪಟ ತೆಗೀತಾ ಇದ್ದೀನಿ. ಒಸಿ ಪಕ್ಕಕ್ಕೆ ಬನ್ನಿ."

"ಯಾವೂರಾಯ್ತು ತಮ್ದು?"

"ಕೊಳ್ಳೇಗಾಲ."

"ಮದ್ರಾಸ್ ಸೀಮೆಯೋರು! ನಮ್ ಮಂಟಪದ ಪಟ ನಿಮಗ್ಯಾಕೆ? ಇವತ್ತು ಪಟ ತಕಂಡೋಯ್ತೀರ, ನಾಳೆ ಮಂಟಪನೂ ನಮ್ದೇ ಅಂತೀರ!"

ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಬೀದಿಯವರು ಸುತ್ತ ಸೇರಿದರು. ಗುರುಪಾದಸ್ವಾಮಿ ಕಲೆ, ಇತಿಹಾಸ, ಶಿಲ್ಪ ಎಂದೆಲ್ಲ ಹೇಳಿದ.

"ಅದಿರ್ಲಿ, ಪಟದಲ್ಲಿ ಯಾರಿರ್ತಾರೆ?"

"ಯಾರೂ ಇರಲ್ಲ."

ಇದನ್ನು ಮಾತ್ರ ಯಾರೂ ನಂಬಲಿಲ್ಲ. "ಯಾರೂ ಇಲ್ದಿರೋ ಪಟ ಯಾರಾರ ತೆಗ್ದಾರಾ? ಇವ ಸರ್ವೆಯೋನೇ ಕಣ್ಲಾ" ಎಂದು ಹಿಂದಿನಿಂದ ಯಾರೋ ಕೂಗಿದರು. ಕೊನೆಗೆ ವೃಷಭೇಂದ್ರಪ್ಪನೇ ತೀರ್ಪು ಕೊಟ್ಟ. "ನೀವು ದಿಟವಾಗ್ಲೂ ಪಟದೋರೇ ಆದ್ರೆ ಮೊದ್ಲು ನಮ್ಮವ್ವುಂದು, ನಮ್ ಬೀದಿಯೋರ್ದು ತೆಗೀರಿ. ಆಮೇಲೆ ಕಲ್ಲನ್ನ ಎಷ್ಟಾರ ತಕಳಿ."

ತೆಗೆದರೆ ಫಿಲಂ ಮುಗಿಯುತ್ತದೆ. ತೆಗೆಯದಿದ್ದರೆ ಮಂಟಪದ ಹತ್ತಿರ ಬಿಡುವುದಿಲ್ಲ. ಗುರುಪಾದಸ್ವಾಮಿ ಕೈಕಾಲು ತೊಳೆದುಕೊಂಡು ಬರುವುದಾಗಿ ಹೇಳಿ ಬಾವಿಯ ಹಿಂದಕ್ಕೆ ಹೋದ. ಅಲ್ಲಿ ಉಪಾಯ ಹೊಳೆಯಿತು. ಹಳೆಯ ಫಿಲಂ ಸುತ್ತಿಬಂದ ಕರಿ ಕಾಗದ ಚೀಲದಲ್ಲಿತ್ತು. ಅದರಿಂದ ಚೌಕದ ಚೂರೊಂದನ್ನು ಹರಿದು, ಬುತ್ತಿಯ ಮೊಸರನ್ನದ ಅಗುಳು ಹಿಸುಕಿ, ಕ್ಯಾಮರಾದ ಕಣ್ಣಿಗೆ ಅಂಟಿಸಿದ. ಇನ್ನು ಎಷ್ಟು ಸಲ ಒತ್ತಿದರೂ ಒಳಗೆ ಕತ್ತಲೆಯೇ. ಫಿಲಂ ಸುತ್ತದೆ ಬಿಟ್ಟರೆ ಆ ಒಂದು ಪಟ ಹಾಗೇ ಉಳಿಯುತ್ತದೆ. ಆಮೇಲೆ ಕಾಗದ ಕಿತ್ತು ಮಂಟಪ ತೆಗೆದರಾಯಿತು. ಬೀದಿಯವರಿಗೂ ಸಂತೋಷ, ವ್ರತಕ್ಕೂ ಭಂಗವಿಲ್ಲ.

ತಿರುಗಿ ಬರುವಷ್ಟರಲ್ಲಿ ಬೀದಿಯೇ ಮದುವೆಮನೆಯಾಗಿತ್ತು. ಪೆಟ್ಟಿಗೆಯ ತಳದಿಂದ ಕೋಟುಗಳು ಎದ್ದುಬಂದಿದ್ದವು. ಇದ್ದ ಒಂದು ಕೈಗಡಿಯಾರ ಯಾರ ಕೈಯಲ್ಲಿರಬೇಕೆಂದು ಜಗಳ ಹತ್ತಿತ್ತು. ಒಬ್ಬನಂತೂ ಎಮ್ಮೆಯ ಮೈ ತೊಳೆದು ಹಿಡಿದುಕೊಂಡು ಬಂದಿದ್ದ. ಎಲ್ಲರಿಗೂ ಮುಂದೆ ಜಗಲಿಯ ಮೇಲೆ ಕುಳಿತಿದ್ದವಳು ವೃಷಭೇಂದ್ರಪ್ಪನ ತಾಯಿ ಚನ್ನಾಜಮ್ಮ.

"ತಡಿಯಪ್ಪಾ" ಎಂದಳು ಚನ್ನಾಜಮ್ಮ. "ಹೊಸ ನೇಗ್ಲಿಗೂ ಪೂಜೆ ಮಾಡೇ ಹೂಡೋದು. ಪೂಜೆ ಇಲ್ದಿರೋ ಯಂತ್ರದ ಮುಂದೆ ಕುಂತ್ರೆ ಆಯುಸ್ಸು ಎಳ್ಕತದಂತೆ. ಕೊಡಿತ್ತಗೆ" ಎಂದು ಕ್ಯಾಮರಾ ಕಿತ್ತುಕೊಂಡಳು.

"ಅಜ್ಜಮ್ಮಾ, ಬ್ಯಾಡಿ, ಅದು..." ಎಂದು ಗುರುಪಾದಸ್ವಾಮಿ ಕೈ ಚಾಚುವಷ್ಟರಲ್ಲಿ ವೃಷಭೇಂದ್ರಪ್ಪ ಅವನ ರಟ್ಟೆ ಹಿಡಿದೆಳೆದ. "ಸಾ, ಎಮ್ಮೆ ಎಡಕ್ಕಿರ್ಲೋ ಬಲಕ್ಕಿರ್ಲೋ? ನೀವೇ ಯೋಳಿ, ಇವ್ರು ನನ್ ಮಾತು ಕೇಳಾಕಿಲ್ಲ."

ಎಮ್ಮೆಯನ್ನು ಬಲಕ್ಕೆ ನಿಲ್ಲಿಸಿ, ಕೈಗಡಿಯಾರದ ಜಗಳ ತೀರಿಸಿ ಬರುವ ಹೊತ್ತಿಗೆ ಚನ್ನಾಜಮ್ಮ ಡಬ್ಬಿಯನ್ನು ಒದ್ದೆ ಬಟ್ಟೆಯಲ್ಲಿ ಮಗುವಿನ ಮುಖ ಒರೆಸುವ ಹಾಗೆ ಒರೆಸಿ, ನೆತ್ತಿಗೆ ಮೂರೆಳೆ ವಿಭೂತಿ ಎಳೆದು, ಸೇವಂತಿಗೆ ಮುಡಿಸಿದ್ದಳು. "ಈಗ ಒತ್ತಪ್ಪ" ಎಂದಳು.

ಎಲ್ಲರೂ ಉಸಿರು ಬಿಗಿಹಿಡಿದರು. ಎಮ್ಮೆಯೂ ಮೆಲುಕು ನಿಲ್ಲಿಸಿತು. ಕ್ಲಿಕ್!

"ಭಾಳ ಚೆನ್ನಾಗಿ ಬಂತು. ಈಗ ಯಾರೂ ಏಳಬೇಡಿ. ಪಟ ಒಳಗೆ ಗಟ್ಟಿಯಾಗಬೇಕು" ಎಂದ ಗುರುಪಾದಸ್ವಾಮಿ.

ಹೆಪ್ಪು ಹಾಕಿದ ಹಾಲನ್ನು ಅಲುಗಿಸಬಾರದೆಂದು ತಿಳಿದ ಜನ, ಕೂತಲ್ಲೇ ಕೂತರು. ಅತ್ತ ಬಸ್ಸಿನವನು ಹಾರನ್ ಒತ್ತಿ, "ಇದ್ಲು ಆರೋಯ್ತದೆ, ಬತ್ತೀರೋ ಇಲ್ವೋ?" ಎಂದು ಕಿರುಚಿದ. ಗುರುಪಾದಸ್ವಾಮಿ ಮಂಟಪದ ಕಡೆ ಓಡಿ, ಕಾಗದ ಕೀಳಲು ಬೆರಳಿಟ್ಟ. ಕಾಗದ ಇರಲಿಲ್ಲ. ಅಗುಳು ಒಣಗಿ ಈಗಷ್ಟೇ ಬಿದ್ದಿರಬೇಕು, ಕೀಳುವ ಕೆಲಸ ತಪ್ಪಿತು ಎಂದುಕೊಂಡ. ಖಾಲಿ ಮಂಟಪ, ಚಿನ್ನದಂಥ ಬಿಸಿಲು. ಕ್ಲಿಕ್! ಫಿಲಂ ಸುತ್ತಿಕೊಂಡು ಬಸ್ಸಿಗೆ ಹಾರಿದ.

ಫಿಲಂ ತೊಳೆಯಲು ಮೈಸೂರಿಗೆ ಹೋಯಿತು, ಪಟ ಅಲ್ಲಿಂದ ನೇರವಾಗಿ ಪ್ರದರ್ಶನದವರ ಕೈ ಸೇರಿತು. ಕೆಲವು ದಿನಗಳ ಮೇಲೆ ಪಟ ಮನೆಗೇ ಅಂಚೆಯಲ್ಲಿ ಬಂತು. ಜೊತೆಗೆ ಪ್ರದರ್ಶನದವರ ಒಂದು ಚೀಟಿ: "ಷರತ್ತನ್ನು ದಯವಿಟ್ಟು ಇನ್ನೊಮ್ಮೆ ಓದಿಕೊಳ್ಳಿ."

ಮಂಟಪ ಸೊಗಸಾಗಿ ಬಂದಿತ್ತು. ಒಂದೊಂದು ಬಳೆಯೂ ಎಣಿಸುವ ಹಾಗಿತ್ತು. ಆದರೆ ಮೊದಲ ಕ್ಲಿಕ್ಕೂ ಅದೇ ಫಿಲಂ ಮೇಲೆ ಬಿದ್ದು, ಕಂಬಗಳ ಮೈಯೊಳಗೆಲ್ಲ ಕೋಟು ತೊಟ್ಟವರು ಉಸಿರು ಕಟ್ಟಿ ಕೂತಿದ್ದರು. ಮಂಟಪದ ನೆತ್ತಿಗೆ ಎಮ್ಮೆಯ ಕೊಂಬು ಮೂಡಿತ್ತು. ನಟ್ಟನಡು ಬಾಗಿಲಿನಲ್ಲಿ, ದೇವರಿಗಿಂತ ದೊಡ್ಡದಾಗಿ, ಚನ್ನಾಜಮ್ಮ. ಅವಳ ಮಡಿಲಲ್ಲಿ ಒದ್ದೆ ಬಟ್ಟೆ. ಬಟ್ಟೆಯ ಅಂಚಿಗೆ, ಶಿವರತ್ನಮ್ಮನ ಮೊಸರನ್ನದ ಕೃಪೆಯಿಂದ ಇನ್ನೂ ಅಂಟಿಕೊಂಡೇ ಇದ್ದ ಚೌಕದ ಕರಿ ಕಾಗದ.

ಗುರುಪಾದಸ್ವಾಮಿ ಪಟವನ್ನು ಬಚ್ಚಿಡಲು ತಿರುಗಿದ. ಶಿವರತ್ನಮ್ಮ ಹಿಂದೆಯೇ ನಿಂತಿದ್ದಳು. ಸೆರಗಿನಿಂದ ಕೈ ಒರೆಸಿಕೊಂಡು ಪಟ ಇಸಿದುಕೊಂಡಳು. ಬಹಳ ಹೊತ್ತು ನೋಡಿದಳು.

"ಮಂಟಪ ಯಾರೋ ದೊರೆ ಕಟ್ಸಿದ್ದು, ಸರಿ" ಎಂದಳು ತಣ್ಣಗೆ. "ಈ ಅಜ್ಜಮ್ಮುನ್ನ ಯಾವ ದೊರೆ ಕಟ್ಸುದ್ದು?"

ಗುರುಪಾದಸ್ವಾಮಿ ಕರಿ ಕಾಗದದ ಕಥೆ ಶುರುಮಾಡಿದ. ಅದು ಮುಗಿಯುವ ಮೊದಲೇ ಅವಳು ಒಳಗೆ ಹೋದಳು. ಹೊರಗೆ ಬಂದಾಗ ಧಾರೆ ಸೀರೆ ಉಟ್ಟಿದ್ದಳು. ಮಗುವಿನ ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದಿದ್ದಳು. ಇಬ್ಬರೂ ಜಗಲಿಯ ಮೇಲೆ ನೆಟ್ಟಗೆ ಕೂತು ಉಸಿರು ಬಿಗಿಹಿಡಿದರು.

"ಫಿಲಂ ಇಲ್ಲ ಕಣೆ, ಮಾದಪ್ಪನಾಣೆ" ಎಂದ ಅವನು. ಜೀವಮಾನದಲ್ಲಿ ಅಷ್ಟು ಅಪ್ಪಟ ನಿಜವನ್ನು ಅವನು ಹೆಂಡತಿಯ ಮುಂದೆ ಹೇಳಿರಲಿಲ್ಲ.

ಶಿವರತ್ನಮ್ಮ ಅಲುಗಾಡಲಿಲ್ಲ.

"ಎಮ್ಮೆಗಿತ್ತು" ಎಂದಳು.